ಸೊಟ್ಟ ಮಾತಿನ ಸೊಗಸು

ಸ್ಮರಣ ಸಂಚಿಕೆಗೆ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬ ಬರೆಯುತ್ತಾನೆಂದರೆ ಶಿಸ್ತು, ಗುರುಭಕ್ತಿ, ಮಾತೃಭಾಷೆ ಇವುಗಳಲ್ಲೊಂದು ವಿಷಯವಿರಲೇಬೇಕೆಂದು ಓದುಗ ಮಹನೀಯರು ನಿರೀಕ್ಷಿಸುವುದು ಸಹಜ. ನಾನು ಆರಿಸಿಕೊಂಡಿರುವುದು ವಿಡಿಯೋ ಆಟ. ಹಳೆಯ ವಿದ್ಯಾರ್ಥಿಗಳು ಗಾಬರಿಯಾಗಬೇಕಿಲ್ಲ. ಮಾತು ನಮ್ಮ ಶಾಲೆಯ ರಂಗಮಂಚಕ್ಕೇ ಬಂದು ನಿಲ್ಲುತ್ತದೆ.

ಹೈದರಾಬಾದಿನಲ್ಲಿ ಓದುತ್ತಿರುವ ನನ್ನ ಮೊಮ್ಮಗ ರಜೆಗೆ ಬಂದಾಗ ‘ರೆಸಿಡೆಂಟ್ ಈವಿಲ್’ ಎಂಬ ಹಳೆಯ ಆಟವೊಂದನ್ನು ತೋರಿಸಿದ. 1996ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಹೊರತಂದದ್ದು. ಅದಕ್ಕೂ ಹಿಂದಿನ ಆಟಗಳಲ್ಲಿ ಪಾತ್ರಗಳ ಮಾತು ಬಹುಪಾಲು ಅಕ್ಷರರೂಪದಲ್ಲಿಯೇ ತೆರೆಯ ಮೇಲೆ ಮೂಡುತ್ತಿತ್ತು. ಕೆಲವೇ ಮೆಗಾಬೈಟುಗಳ ಕಾರ್ಟ್ರಿಜ್‌ನಲ್ಲಿ ಧ್ವನಿಗೆ ಜಾಗವೆಲ್ಲಿ? ಸುಮಾರು 650 ಮೆಗಾಬೈಟ್ ಹಿಡಿಯುವ ಸಿ.ಡಿ. ಬಂದ ಮೇಲೆ ಪಾತ್ರಗಳಿಗೆ ಬಾಯಿ ಬಂತು. ಬಾಯಿ ಬಂತೇ ಹೊರತು ಮಾತು ಬರಲಿಲ್ಲ. ತಯಾರಿಸಿದವರು ಜಪಾನೀಯರು, ಸಂಭಾಷಣೆ ಇಂಗ್ಲಿಷ್. ಜಪಾನಿನಲ್ಲಿ ಮಾರಾಟವಾದ ಆಟದಲ್ಲಿಯೂ ಇಂಗ್ಲಿಷ್ ಧ್ವನಿಯೇ, ಅಡಿಯಲ್ಲಿ ಜಪಾನಿ ಅಕ್ಷರ. ಹೆಣಗಳು ಎದ್ದು ನಡೆಯುವ ಮನೆಯಲ್ಲಿ ನಿಂತು ಒಬ್ಬನು ರೈಲ್ವೆ ನಿಲ್ದಾಣದ ಪ್ರಕಟಣೆಯಂತೆ ಮಾತನಾಡುತ್ತಾನೆ. ಎಲ್ಲಿ ಅಂಜಬೇಕೋ ಅಲ್ಲಿ ಹಿಗ್ಗುತ್ತಾನೆ. 2002ರಲ್ಲಿ ಅದೇ ಸಂಸ್ಥೆ ಬೇರೆ ಕಲಾವಿದರಿಂದ ಧ್ವನಿ ಕೊಡಿಸಿ ಆಟವನ್ನು ಹೊಸದಾಗಿ ರೂಪಿಸಿತು. ಮೊಮ್ಮಗ ಅದನ್ನೂ ಆಡುತ್ತಾನೆ. ಆದರೆ ಅವನಿಗೂ ಅವನ ಗೆಳೆಯರಿಗೂ ಬಾಯಿಪಾಠವಾಗಿರುವುದು ಆ ಹಳೆಯ ಸೊಟ್ಟ ಮಾತುಗಳೇ.

ಕೆಟ್ಟದ್ದೆಲ್ಲ ಸೊಗಸೆಂದು ನಾನು ಹೇಳುತ್ತಿಲ್ಲ. ಉದಾಸೀನದಿಂದ ಕೆಟ್ಟದ್ದು ಬರೀ ಬೇಸರ. ಶಕ್ತಿ ಮೀರಿ ಪ್ರಯತ್ನಪಟ್ಟು ಕೆಟ್ಟದ್ದಕ್ಕೆ ಮಾತ್ರ ಈ ಸೊಗಸು ಒದಗುತ್ತದೆ. ಡಬ್ಬಿಂಗ್ ಧಾರಾವಾಹಿಗಳಲ್ಲಿಯೂ ಇದರ ಛಾಯೆಯುಂಟು. 2020ರ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ ಮಹಾಭಾರತವು ಕನ್ನಡದಲ್ಲಿ ಬಂದಾಗ, ಹಿಂದಿಯ ಗಿಡ್ಡ ಮಾತಿಗೆ ತೆರೆದ ತುಟಿಯೊಳಗೆ ಕನ್ನಡದ ಉದ್ದ ಕ್ರಿಯಾಪದವನ್ನು ತೂರಿಸಲು ಕಲಾವಿದರು ಪಟ್ಟ ಪಾಡನ್ನು ನಾನು ಪ್ರೀತಿಯಿಂದಲೇ ಕೇಳಿದೆ.

ಆದರೆ ಗಡಿನಾಡಿನವರಾದ ನಮಗೆ ಇದಾವುದೂ ಹೊಸತಲ್ಲ. 1956ರವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ಗಡಿಗೆರೆ ಬಿದ್ದ ಮೇಲೆ ಕೃಷ್ಣೆಯ ಈಚೆಗೆ ಕಚೇರಿ, ಸಂತೆ, ಸಿನಿಮಾ ಎಲ್ಲವೂ ತೆಲುಗಾಯಿತು. ನಮ್ಮ ಶಾಲೆಯ ಮಕ್ಕಳು ಕನ್ನಡವನ್ನು ಮನೆಯಲ್ಲಿ ಅರ್ಧ, ತರಗತಿಯಲ್ಲಿ ಅರ್ಧ ಕಲಿತವರು. ನಾಟಕದಲ್ಲಿ ಒಬ್ಬೊಬ್ಬನಿಗೆ ಅವನ ಪಾಲಿನ ಮಾತುಗಳನ್ನಷ್ಟೇ ಚೀಟಿಯಲ್ಲಿ ಬರೆದುಕೊಡುತ್ತಿದ್ದೆವು. ಹಿಂದುಮುಂದಿನ ಕಥೆ ಅವನಿಗೆ ತಿಳಿಯದು. ಆಟಕ್ಕೆ ಧ್ವನಿ ಕೊಡುವವರ ಪಾಡೂ ಬಹಳ ಸಲ ಹೀಗೆಯೇ ಇರುತ್ತದಂತೆ.

ಒಂದು ವರ್ಷದ ಪಾದುಕಾ ಪ್ರಸಂಗವನ್ನು ಹಿರಿಯ ವಿದ್ಯಾರ್ಥಿಗಳು ಮರೆತಿರಲಾರರು. ತೆಲುಗಿನಲ್ಲಿ ಅಣ್ಣನಿಗೆ ‘ಅನ್ನ’ ಎಂದೇ ಹೆಸರು. ಮಕ್ತಲ್ ಕಡೆಯ ನಮ್ಮ ಭರತ ಶ್ರೀರಾಮನ ಪಾದಕ್ಕೆರಗಿ, “ಅನ್ನಾ! ಅನ್ನಾ! ನೀನಿಲ್ಲದೆ ಹೇಗೆ ಬದುಕಲಿ!” ಎಂದು ಗೋಳಿಟ್ಟ. ಹೆಂಗಸರ ಸಾಲಿನಿಂದ ಮುದುಕಿಯೊಬ್ಬಳು, “ಪಾಪ, ಹುಡುಗಗ ಹಸಿವ್ಯಾಗ್ಯಾದ, ಯಾರರ ಒಂದ್ ತುತ್ತು ಅನ್ನ ಹಾಕ್ರೀ” ಎಂದಳು. ಚಪ್ಪರವೇ ನಕ್ಕಿತು. ವಿದ್ವದ್ಗದ್ವಾಲದಿಂದ ಅತಿಥಿಗಳಾಗಿ ಬಂದಿದ್ದ ಪಂಡಿತರೂ ನಕ್ಕರು. ಹುಡುಗ ಅಳುಕಲಿಲ್ಲ. ಪಾದುಕೆಗಳನ್ನು ತಲೆಯ ಮೇಲಿಟ್ಟುಕೊಂಡು, ಕಣ್ಣಲ್ಲಿ ನಿಜವಾದ ನೀರು ತಂದುಕೊಂಡು, ಮತ್ತೊಮ್ಮೆ ಅದೇ ‘ಅನ್ನಾ’ ಎಂದು ಕರೆದ. ಆ ಸಲ ಯಾರೂ ನಗಲಿಲ್ಲ.

ಈಚೆಗೆ ಬೇರೊಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಸಂಭಾಷಣೆಯನ್ನೆಲ್ಲ ಪಳಗಿದ ಕಲಾವಿದರಿಂದ ಮುದ್ರಿಸಿ ತಂದಿದ್ದರು. ಮಕ್ಕಳು ತುಟಿ ಅಲ್ಲಾಡಿಸಿ ಕೈ ಬೀಸಿದರು. ಒಂದು ಣಕಾರವೂ ತಪ್ಪಲಿಲ್ಲ; ಒಂದು ಮಗುವಿನ ದನಿಯೂ ಕೇಳಲಿಲ್ಲ. “ನಮ್ಮ ಮಕ್ಕಳ ಕನ್ನಡ ಚೆಂದವಿಲ್ಲ ಸಾರ್, ನಾಲ್ಕು ಜನ ನಗುತ್ತಾರೆ” ಎಂದು ಅಲ್ಲಿಯ ಅಧ್ಯಾಪಕರು ಸಮಜಾಯಿಷಿ ಕೊಟ್ಟರು. ಶುದ್ಧ ಉಚ್ಚಾರ ಬೇಡವೇ ಎಂದು ಕೇಳಬಹುದು. ಬೇಕು, ಅದಕ್ಕಾಗಿ ನಾನು ಬೆತ್ತ ಹಿಡಿದವನೇ. ಆದರೆ ತಿದ್ದುವ ಸ್ಥಳ ತರಗತಿ. ರಾಯಚೂರಿನ ಬೀಗರು ನಕ್ಕರೆಂದು ಮಕ್ಕಳೊಡನೆ ಕನ್ನಡ ಬಿಟ್ಟ ಮನೆಗಳನ್ನು ನಾನು ಬಲ್ಲೆ. ಆ ಮನೆಗಳಲ್ಲಿ ಈಗ ಅಣ್ಣನೂ ಇಲ್ಲ, ಅನ್ನವೂ ಇಲ್ಲ. ಅಪ್ಪಿತಪ್ಪಿ ಕನ್ನಡದಲ್ಲಿ ಕೇಳಿದರೂ ಉತ್ತರ ತೆಲುಗಿನಲ್ಲಿಯೇ ಬರುತ್ತದೆ.

ನಮ್ಮ ಸುವರ್ಣ ಮಹೋತ್ಸವದ ನಾಟಕಕ್ಕೂ ಧ್ವನಿಮುದ್ರಣ ಮಾಡಿಸುವ ಆಲೋಚನೆ ಸಮಿತಿಯಲ್ಲಿದೆಯೆಂದು ಕೇಳಿದ್ದೇನೆ. ಹಿರಿಯನೆಂಬ ಸಲಿಗೆಯಿಂದ ಹೇಳುತ್ತೇನೆ, ಬೇಡ. ಆ ಹಣದಲ್ಲಿ ಎರಡು ಒಳ್ಳೆಯ ಮೈಕುಗಳನ್ನು ಬಾಡಿಗೆಗೆ ತರಿಸಿರಿ. ಒಂದನ್ನು ಗಿಡ್ಡ ಮಕ್ಕಳ ಬಾಯಿಗೆ ನಿಲುಕುವಂತೆ ತಗ್ಗಿಸಿ ನಿಲ್ಲಿಸಿರಿ.