ಹಳೇ ಜಾವಾ ಕೊಳ್ಳಲು ಬಾಂಡ್ ಪೇಪರ್ ಸಾಕೇ?

ತೆಲಂಗಾಣದ ನಾರಾಯಣಪೇಟೆಯಲ್ಲಿ ಹಳೇ ಜಾವಾ ಬೈಕ್ ಕೊಂಡು ಬಳಿಚಕ್ರಕ್ಕೆ ತಂದರೆ ಬಾಂಡ್ ಪೇಪರ್ ಇದ್ದರೆ ಸಾಕು, ಆರ್‌ಸಿ ಬದಲಿಸಬೇಕಿಲ್ಲ ಎನ್ನುವವರಿದ್ದಾರೆ. ನಾವು ಕಾನೂನು ನೋಡಿದಾಗ ಉತ್ತರ ಸ್ಪಷ್ಟ: ಸಾಲದು.

ಮೊದಲು ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು. ನಂತರ 30 ದಿನದೊಳಗೆ ಯಾದಗಿರಿ ಆರ್‌ಟಿಒದಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಗಾಡಿ 12 ತಿಂಗಳು ಮೀರಿ ಇಲ್ಲೇ ಉಳಿದರೆ ಕೆಎ-33 ನಂಬರ್ ಕಡ್ಡಾಯ.

ಗಾಡಿಗೆ 50 ವರ್ಷ ದಾಟಿದ್ದು, ಮೂಲ ರೂಪದಲ್ಲೇ ಇದ್ದರೆ 2021ರ ನಿಯಮದಂತೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ ₹20,000, ಅವಧಿ 10 ವರ್ಷ. ಆದರೆ ದಿನನಿತ್ಯ ಓಡಿಸುವಂತಿಲ್ಲ.

ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಹೆಸರು ಬದಲಾಗುವವರೆಗೆ ಮಾರಿದವರಿಗೂ ನಿಶ್ಚಿಂತೆಯಿಲ್ಲ.