ಏರುದಾರಿಯ ಬಿಸಿ

ಕುಶಾಲನಗರದಿಂದ ಮಡಿಕೇರಿಗೆ ಸುಮಾರು 300 ಮೀಟರ್ ಏರು. ಒಂದೂವರೆ ಟನ್ನಿನ ವಿದ್ಯುತ್ ಕಾರನ್ನು ಅಷ್ಟು ಮೇಲೇರಿಸಲು ಸಮದಾರಿಯ ಖರ್ಚಿನ ಮೇಲೆ ಒಂದೂವರೆ ಯೂನಿಟ್ ಸಾಕು. ಹೀಗಿರುವಾಗ ಬಿಸಿಯ ಎಚ್ಚರಿಕೆ ದೀಪ ಹೊತ್ತಿಕೊಂಡರೆ ಘಟ್ಟವನ್ನಷ್ಟೇ ದೂರುವುದು ಸಲ್ಲದು. ಶೀಘ್ರ ಚಾರ್ಜ್ ಮಾಡಿದೊಡನೆ ಏರು ಹತ್ತಿಸಲಾಯಿತೇ, ರೇಡಿಯೇಟರಿನ ಮುಖಕ್ಕೆ ಕೆಸರು, ತರಗೆಲೆ ಮೆತ್ತಿದೆಯೇ, ಫ್ಯಾನು ತಿರುಗುತ್ತಿದೆಯೇ, ಕೂಲೆಂಟ್ ಇಳಿದಿದೆಯೇ ಎಂದು ನೋಡಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ; ತುಂಬಿಸುತ್ತಾ ಹೋಗುವುದು ದುರಸ್ತಿಯಲ್ಲ. ಕಿತ್ತಳೆ ಬಣ್ಣದ ತಂತಿಗಳನ್ನು ತರಬೇತಿ ಪಡೆದವರಲ್ಲದೆ ಅನ್ಯರು ಮುಟ್ಟಕೂಡದು.

ಬದಲಿಸಿದ ಹಳೆಯ ಕೂಲೆಂಟ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದರಲ್ಲಿನ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿಯೋ ದನವೋ ನೆಕ್ಕಿದರೆ ಮೂತ್ರಪಿಂಡಕ್ಕೆ ವಿಷ. ಹೊಗೆಯಿಲ್ಲದ ಕಾರಿನ ಕೊಳೆ ಚರಂಡಿಯ ಮೂಲಕ ಕಾವೇರಿ ಸೇರಬಾರದು. ಗ್ಯಾರೇಜುಗಳು ಅದನ್ನು ಮುಚ್ಚಿದ ಡಬ್ಬಿಗಳಲ್ಲಿ ಕೂಡಿಡಲಿ, ಸ್ಥಳೀಯ ಆಡಳಿತ ಅದನ್ನು ಒಯ್ಯುವ ಏರ್ಪಾಡು ಮಾಡಲಿ.