ಬಿಪಿಟಿ ಮುಗಿದ ಕೂಡಲೇ ಎಂಪಿಟಿಗೆ ಸೇರಬೇಕೇ?

ನಾಲ್ಕು ವರ್ಷ ಓದಿ, ಆರು ತಿಂಗಳು ಇಂಟರ್ನ್‌ಶಿಪ್ ಮಾಡಿ ಬಿಪಿಟಿ ಪದವಿ ಪಡೆದವರಿಗೆ ಮನೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ, ‘ಮುಂದೆ ಎಂಪಿಟಿನಾ, ಕೆಲಸಾನಾ?’ ಫಿಸಿಯೋಥೆರಪಿಸ್ಟ್ ಆಗಿ ದುಡಿಯಲು ನಮ್ಮಲ್ಲಿ ಬಿಪಿಟಿ ಸಾಕು. ಎಂಪಿಟಿ ಎಂದರೆ ಇನ್ನೂ ಎರಡು ವರ್ಷ, ಒಂದು ಪ್ರಬಂಧ, ಮತ್ತೊಮ್ಮೆ ಶುಲ್ಕ. ಮಂಗಳೂರು, ಮಣಿಪಾಲ, ಬೆಳಗಾವಿ, ಮೈಸೂರು, ಬೆಂಗಳೂರಿನ ಕಾಲೇಜುಗಳಿಂದ ಪ್ರತಿವರ್ಷ ಹೊರಬರುವ ಯುವಕ ಯುವತಿಯರು ಒಂದೆರಡು ತಿಂಗಳಲ್ಲೇ ಇದನ್ನು ತೀರ್ಮಾನಿಸಬೇಕಾಗುತ್ತದೆ.

ಪರ: ರೋಗಿಯ ಹಿತಕ್ಕೆ ಆ ಎರಡು ವರ್ಷ ಬೇಕು

ಲಕ್ವ ಹೊಡೆದವರ ಭುಜವನ್ನೇ ನೋಡಿ. ಮೊದಲ ಕೆಲವು ವಾರ ಸ್ನಾಯುಗಳಲ್ಲಿ ಬಿಗಿಯೇ ಇರುವುದಿಲ್ಲ. ತೋಳಿನ ಮೂಳೆ ಗುಳಿಯಿಂದ ತುಸು ಕೆಳಗೆ ಜಾರಿರುತ್ತದೆ. ಮಂಚದಿಂದ ಎಬ್ಬಿಸುವಾಗ ಮನೆಯವರು ಅದೇ ಕೈ ಹಿಡಿದು ಎಳೆಯುತ್ತಾರೆ. ಒಮ್ಮೆ ನೋವು ಶುರುವಾಯಿತೆಂದರೆ ತಿಂಗಳುಗಟ್ಟಲೆ ಬಿಡದು, ನೋವಿದ್ದ ಕೈಯನ್ನು ರೋಗಿ ಆಡಿಸುವುದೂ ಇಲ್ಲ. ಕೆಲವು ವಾರಗಳ ಬಳಿಕ ಅದೇ ಸ್ನಾಯುಗಳು ಬಿಗಿದುಕೊಳ್ಳತೊಡಗುತ್ತವೆ, ಆಗ ಚಿಕಿತ್ಸೆಯ ದಾರಿಯೂ ಬದಲಾಗಬೇಕು. ಯಾವಾಗ ಆಸರೆ ಕೊಡಬೇಕು, ಯಾವಾಗ ಆ ಕೈಯ ಮೇಲೆ ಭಾರ ಹಾಕಿಸಬೇಕು, ರೋಗಿ ತನ್ನ ಎಡಭಾಗವನ್ನೇ ಮರೆತಿದ್ದಾನೆಯೇ? ಇವೆಲ್ಲ ಬಿಪಿಟಿಯ ಪಾಠದಲ್ಲಿ ಬಂದುಹೋಗುತ್ತವೆ. ಆದರೆ ಆರು ತಿಂಗಳ ಇಂಟರ್ನ್‌ಶಿಪ್‌ನಲ್ಲಿ ಮೂಳೆ, ನರ, ಹೃದಯ, ಶ್ವಾಸಕೋಶ, ಮಕ್ಕಳು ಎಂದು ಎಲ್ಲ ವಿಭಾಗಗಳನ್ನೂ ಸುತ್ತಿ ಬರಬೇಕಾದವರಿಗೆ ಒಬ್ಬ ರೋಗಿಯನ್ನು ಮೊದಲ ವಾರದಿಂದ ಆರನೇ ತಿಂಗಳವರೆಗೆ ಹಿಂಬಾಲಿಸುವ ಅವಕಾಶ ಎಲ್ಲಿ? ನರವಿಭಾಗದ ಎಂಪಿಟಿಯಲ್ಲಿ ಅದು ಸಿಗುತ್ತದೆ.

ಎರಡನೆಯ ಕಾರಣ ಇನ್ನೂ ಗಂಭೀರ. ನಮ್ಮ ಎಷ್ಟೋ ಕ್ಲಿನಿಕ್‌ಗಳಲ್ಲಿ ಫಿಸಿಯೋಥೆರಪಿ ಎಂದರೆ ‘ಕರೆಂಟ್ ಕೊಡುವುದು’ ಎಂಬಂತಾಗಿದೆ. ಮಂಡಿ ಸವೆತಕ್ಕೆ ಮೊದಲ ಚಿಕಿತ್ಸೆ ವ್ಯಾಯಾಮ ಎಂದು ಜಗತ್ತಿನ ಪ್ರಮುಖ ಮಾರ್ಗಸೂಚಿಗಳು ಒಕ್ಕೊರಲಿನಿಂದ ಹೇಳುತ್ತಿವೆ. ಆದರೂ ಹದಿನೈದು ನಿಮಿಷ ಯಂತ್ರ ಹಚ್ಚಿ ಕಳಿಸುವ ರೂಢಿ ತಪ್ಪಿಲ್ಲ. ಸಂಶೋಧನಾ ಲೇಖನವನ್ನು ಓದಿ, ಅದು ಎಷ್ಟು ಗಟ್ಟಿ ಎಂದು ತೂಗಿ, ‘ಈ ಯಂತ್ರ ಈ ರೋಗಿಗೆ ಬೇಡ’ ಎಂದು ಕಾರಣ ಕೊಟ್ಟು ಹೇಳುವ ಧೈರ್ಯ ಬರುವುದು ಪ್ರಬಂಧಕ್ಕಾಗಿ ಬೆವರು ಸುರಿಸಿದಾಗ.

2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದ ಮೇಲೆ ಈ ವೃತ್ತಿಗೆ ಕಾನೂನಿನ ನೆಲೆ ಸಿಕ್ಕಿದೆ. ವೈದ್ಯರ ಚೀಟಿಯಿಲ್ಲದೆ ನೇರವಾಗಿ ಬರುವ ರೋಗಿಗಳೂ ಇದ್ದಾರೆ. ಸೊಂಟನೋವೆಂದು ಬಂದವರಿಗೆ ಮೂತ್ರ ಕಟ್ಟಿದ್ದು, ಕೂರುವ ಜಾಗ ಜೋಮು ಹಿಡಿದಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಕಣ್ಣು ಅಷ್ಟು ಪಳಗಿರಲೇಬೇಕು. ಇನ್ನು ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರಂತೂ ಎಂಪಿಟಿ ಬೇಕೇ ಬೇಕು, ಅದರಲ್ಲಿ ಚರ್ಚೆಯಿಲ್ಲ.

ವಿರೋಧ: ಮೊದಲು ವಾರ್ಡು, ಆಮೇಲೆ ಎಂಪಿಟಿ

ಭುಜದ ಮಾತು ಅಕ್ಷರಶಃ ನಿಜ. ಆದರೆ ಸಿಂಧನೂರಿನಲ್ಲೋ ಶಿರಸಿಯಲ್ಲೋ ಲಕ್ವ ಹೊಡೆದವರ ಮನೆಗೆ ಹೋಗುವ ಫಿಸಿಯೋ ಹೆಚ್ಚಾಗಿ ಬಿಪಿಟಿ ಓದಿದವರೇ. ಆ ಭುಜ ಕಾಪಾಡುವುದು ಎಂಪಿಟಿಯವರಿಗೆ ಮಾತ್ರ ಗೊತ್ತೆಂದಾದರೆ ಕೆಟ್ಟಿರುವುದು ಬಿಪಿಟಿ. ಅದನ್ನು ಅಲ್ಲೇ ಸರಿಪಡಿಸಬೇಕು. ಆಯೋಗ 2025ರಲ್ಲಿ ಹೊರತಂದ ಹೊಸ ಪಠ್ಯಕ್ರಮ ಇಂಟರ್ನ್‌ಶಿಪ್ಪನ್ನು ಒಂದು ವರ್ಷಕ್ಕೆ ಏರಿಸಿದ್ದು ಸರಿಯಾದ ಹೆಜ್ಜೆ. ಮೂತ್ರ ಕಟ್ಟಿದ ಸೊಂಟನೋವನ್ನು ಗುರುತಿಸುವುದು ಕೂಡ ಪದವಿ ಹಂತದ ಕಲಿಕೆಯೇ. ಆಸ್ಟ್ರೇಲಿಯಾದಲ್ಲಿ 1976ರಿಂದಲೇ ರೋಗಿಗಳು ವೈದ್ಯರ ಚೀಟಿಯಿಲ್ಲದೆ ಫಿಸಿಯೋ ಬಳಿ ಹೋಗಬಹುದು. ಅಲ್ಲಿ ಇಂದಿಗೂ ನಾಲ್ಕು ವರ್ಷದ ಪದವಿಯಿಂದಲೇ ವೃತ್ತಿಗೆ ಇಳಿಯಬಹುದು. ಅಮೆರಿಕ ಇನ್ನೊಂದು ದಾರಿ ಹಿಡಿಯಿತು. ಅಲ್ಲೀಗ ಪದವಿಯ ಮೇಲೆ ಸುಮಾರು ಮೂರು ವರ್ಷದ ಡಾಕ್ಟರೇಟ್, ಡಿಪಿಟಿ, ಮಾಡದೆ ಈ ವೃತ್ತಿಗೆ ಪ್ರವೇಶವಿಲ್ಲ. ಲಕ್ಷ ಡಾಲರ್ ಸಾಲ ಹೊತ್ತು ಹೊರಬರುವುದು ಅಲ್ಲಿನ ವಿದ್ಯಾರ್ಥಿಗಳಿಗೆ ಮಾಮೂಲಾಗಿದೆ.

ಯಂತ್ರದ ವಿಷಯಕ್ಕೆ ಬರೋಣ. ಗಂಟೆಗೆ ಇಷ್ಟು ರೋಗಿಗಳೆಂದು ಮಾಲೀಕರು ಲೆಕ್ಕ ಹಾಕುವ ಕ್ಲಿನಿಕ್‌ನಲ್ಲಿ ಎಂಪಿಟಿ ಓದಿದವರೂ ಅದೇ ಗುಂಡಿ ಒತ್ತುತ್ತಾರೆ. ಕೈಗೆ ಬರುವ ಸಂಬಳದಲ್ಲೂ ಎರಡು ವರ್ಷದ ಶುಲ್ಕ ಬೇಗ ತೀರುವಷ್ಟು ವ್ಯತ್ಯಾಸ ಎಷ್ಟೋ ಕಡೆ ಇರುವುದಿಲ್ಲ. ಹೊಲ ಅಡವಿಟ್ಟು ಓದಿಸಿದ ಅಪ್ಪ ಅಮ್ಮನ ಎದುರು ನಿಂತು ಇದನ್ನು ಯೋಚಿಸಬೇಕು.

ನನ್ನ ದೊಡ್ಡ ಆಕ್ಷೇಪ ವಿಭಾಗದ ಆಯ್ಕೆಯದು. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿನಲ್ಲಿ, ಒಂದು ದಿನವೂ ಸ್ವಂತ ಹೊಣೆಯ ಮೇಲೆ ರೋಗಿಯನ್ನು ನೋಡದೆ, ಮೂಳೆಯೋ ನರವೋ ಕ್ರೀಡೆಯೋ ಎಂದು ಬದುಕಿಡೀ ನಡೆಯುವ ದಾರಿಯನ್ನು ಆರಿಸಬೇಕು. ಕ್ರಿಕೆಟ್ ತಂಡದ ಜತೆ ಓಡಾಡುವ ಕನಸಿನಿಂದ ಕ್ರೀಡಾ ವಿಭಾಗ ಸೇರುತ್ತಾರೆ, ಆಮೇಲೆ ಬರುವವರಲ್ಲಿ ಮುಕ್ಕಾಲು ಪಾಲು ಮಂಡಿನೋವಿನ ಅಜ್ಜಿಯರು. ಉಳಿದ ಸೀಟು ಯಾವುದೋ ಅದೇ ನನ್ನ ವಿಭಾಗ ಎನ್ನುವವರೂ ಇದ್ದಾರೆ.

ಎರಡು ವರ್ಷ ಮನೆಮನೆಗೆ ಹೋಗಿ ನೋಡಲಿ. ಆಸ್ಪತ್ರೆಯ ಸಮನೆಲದಲ್ಲಿ ಚೆನ್ನಾಗಿ ನಡೆದ ರೋಗಿ ಮನೆಯ ಹೊಸ್ತಿಲು ದಾಟಲಾರ. ಮಂಡಿ ಬದಲಿಸಿಕೊಂಡ ಅಮ್ಮನಿಗೆ ಕಾಡುವುದು ಕೆಳಗೆ ಕೂರುವ ಪಾಯಖಾನೆ, ಅಡುಗೆಮನೆಯ ಒದ್ದೆ ನೆಲ. ಬರೆದುಕೊಟ್ಟ ವ್ಯಾಯಾಮವನ್ನು ಆಕೆ ಮಾಡುವುದಿಲ್ಲ, ಏಕೆಂದರೆ ಬೆಳಗ್ಗೆ ಆರಕ್ಕೆ ಎದ್ದರೆ ಒಂಬತ್ತರವರೆಗೆ ಒಲೆಯ ಮುಂದೆ. ಹಾಗಾದರೆ ವ್ಯಾಯಾಮವನ್ನು ಒಲೆಯ ಮುಂದೆಯೇ ಹೇಳಿಕೊಡಬೇಕು: ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು. ಇಷ್ಟು ಕಂಡವರು ಆಮೇಲೆ ಎಂಪಿಟಿಗೆ ಬಂದರೆ ತಮ್ಮದೇ ಪ್ರಶ್ನೆಗಳನ್ನು ಹೊತ್ತು ಬರುತ್ತಾರೆ. ಅಂಥವರ ಪ್ರಬಂಧ ರೋಗಿಗೂ ಉಪಯೋಗಕ್ಕೆ ಬರುತ್ತದೆ.

ಈಗಲೇ ಸೇರುತ್ತೇನೆ ಎನ್ನುವವರು ಸೀಟಿಗೆ ಹಣ ಕಟ್ಟುವ ಮುನ್ನ ಕಾಲೇಜಿಗೆ ಹೋಗಿ ವಿಚಾರಿಸಲಿ. ವಾರ್ಡಿನಲ್ಲಿ ದಿನಕ್ಕೆ ಎಷ್ಟು ರೋಗಿಗಳು ಸಿಗುತ್ತಾರೆ? ಗೈಡ್ ಮಂಚದ ಪಕ್ಕ ನಿಂತು ಕಲಿಸುತ್ತಾರೆಯೇ, ಸಹಿ ಹಾಕಲು ಮಾತ್ರ ಸಿಗುತ್ತಾರೆಯೇ? ಹೊರರೋಗಿ ವಿಭಾಗವನ್ನು ವಿದ್ಯಾರ್ಥಿಗಳಿಂದಲೇ ನಡೆಸುವುದಾದರೆ ಸ್ಟೈಪೆಂಡ್ ಎಷ್ಟು? ವಿಶ್ವವಿದ್ಯಾಲಯಗಳನ್ನು ನಾನು ಕೇಳುವುದು ಇಷ್ಟೇ: ಎರಡು ವರ್ಷ ಆಸ್ಪತ್ರೆಯಲ್ಲೋ ತಾಲ್ಲೂಕು ಕೇಂದ್ರದಲ್ಲೋ ದುಡಿದವರಿಗೆ ಎಂಪಿಟಿ ಪ್ರವೇಶದಲ್ಲಿ ಮೊದಲ ಆದ್ಯತೆ ಕೊಡಿ.